ಎರಡು ಸಲ ಬಡಿದರೆ ಹೊರಡುವ ಗಾಡಿ

ಟೈಮಪ್ಪನವರ ಹೆಂಡತಿ ಕಾಡಿನ ನಡುವೆ, ತಳ ಹತ್ತಿದ ಗಂಜಿಯ ಪಾತ್ರೆ ಕೈಯಲ್ಲಿ ಹಿಡಿದು ಒಬ್ಬಳೇ ನಿಂತದ್ದಕ್ಕೆ ಯಾರನ್ನು ಬೈಯಬೇಕು ಎಂದರೆ, ಮೊದಲು ಬಸ್ ಡಿಪೋವನ್ನೇ ಬೈಯಬೇಕು. ಆ ಮನುಷ್ಯನನ್ನು ಮೂವತ್ತಮೂರು ವರ್ಷ ಅರೆದು, ಕುಟ್ಟಿ, ಹದ ಮಾಡಿ ಕಳಿಸಿದ್ದು ಅದೇ. ಕಂಡಕ್ಟರ್ ಬಸ್ಸಿನ ತಗಡನ್ನು ಒಂದು ಸಲ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೊರಡಬೇಕು. ಯಾರು ಹತ್ತಿದರು, ಯಾರು ಇಳಿದರು, ಯಾರ ಸೆರಗು ಬಾಗಿಲಿಗೆ ಸಿಕ್ಕಿತು ಎಂದು ನೋಡುವುದೆಲ್ಲ ಕಂಡಕ್ಟರನ ಕೆಲಸ. ಡ್ರೈವರನಾದವನು ಮುಂದೆ ನೋಡಬೇಕು, ಅಷ್ಟೇ. ನಲವತ್ತೇಳನೇ ನಂಬರಿನ ಬಸ್ಸನ್ನು ಅಷ್ಟೂ ವರ್ಷ ಓಡಿಸಿದರೂ ಒಮ್ಮೆಯೂ ಹಿಂದೆ ತಿರುಗಿ ನೋಡಿದವನಲ್ಲ ಎಂಬುದು ಅವರ ಬಾಳಿನ ದೊಡ್ಡ ಹೆಮ್ಮೆ. ಒಂದು ನಿಮಿಷ ಹಿಂದುಮುಂದಾದರೂ ಊಟ ಸೇರದ ಆಸಾಮಿಯಾದ್ದರಿಂದ ಡಿಪೋದಲ್ಲಿ ಅವರಿಗೆ ಟೈಮಪ್ಪ ಎಂದು ಹೆಸರು ಬಿತ್ತು. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು, ಎಂದರೆ ಹೆಚ್ಚುಕಡಿಮೆ ದಿನಾಲೂ.

ಹೆಂಡತಿ ಹೊಲಿಗೆಯವಳು. ದೊಡ್ಡದೊಂದು ಬಟ್ಟೆ ಅಂಗಡಿಯ ಹಿಂಬದಿ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿಟ್ಟ ಯಂತ್ರದ ಮುಂದೆ ಅವಳ ಆಯುಷ್ಯ ಕಳೆದಿತ್ತು. ಆ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಚಿತ್ರ. ಬೆರಳುದ್ದದ ಹಸಿರು ಬೆನ್ನಿನ ಹಕ್ಕಿಯೊಂದು ಕೊಕ್ಕನ್ನೇ ಸೂಜಿ ಮಾಡಿಕೊಂಡು ಎರಡು ಎಲೆಗಳನ್ನು ಸೇರಿಸಿ ಹೊಲಿಯುತ್ತಿತ್ತು. ದರ್ಜಿ ಹಕ್ಕಿ. ಅದು ದಾರಕ್ಕೆ ಗಂಟು ಹಾಕುತ್ತದೆ ಎಂದು ಅಂಗಡಿಯ ಮೇಸ್ತ್ರಿ, ಹಾಕುವುದಿಲ್ಲ ಎಂದು ಇವಳು, ಇಬ್ಬರೂ ಹದಿನೆಂಟು ವರ್ಷ ಜಗಳಾಡಿದ್ದರು. ಒಂದು ದಿನ ಅದನ್ನು ಕಣ್ಣಾರೆ ನೋಡಬೇಕು ಎಂಬುದು ಅವಳ ಒಂದೇ ಒಂದು ಆಸೆ. "ರಿಟೈರ್ ಆಗ್ಲಿ ತಡಿ, ಎಲ್ಲಿ ಕೈ ತೋರಿಸ್ತೀಯೋ ಅಲ್ಲಿ ನಿಲ್ಲಿಸ್ತೀನಿ" ಎಂದು ಟೈಮಪ್ಪನವರು ಮಾತು ಕೊಟ್ಟಿದ್ದರು.

ರಿಟೈರ್ ಆದರು. ಹಳೆಯ ಕ್ಯಾಂಪರ್ ವ್ಯಾನು ಕೊಂಡರು. ಹಿಂದೆ ಎರಡು ಮಂಚ, ಒಲೆ, ಕೈತೊಳೆಯುವ ಪುಟ್ಟ ಬೋಗುಣಿ, ಮುಂದಿನ ಸೀಟಿಗೂ ಹಿಂದಿನ ಮನೆಗೂ ನಡುವೆ ಹೆಂಡತಿ ಹೊಲಿದ ದಪ್ಪ ಪರದೆ. ಎಲ್ಲವೂ ಚೆನ್ನಾಗಿತ್ತು. ಆದರೆ ಈ ಮಹಾರಾಯರು ವ್ಯಾನಿಗೆ ಡಿಪೋದ ಬಣ್ಣವನ್ನೇ ಬಳಿದರು. ಬಿಳಿ ಮೈ, ನಡುವೆ ಕೆಂಪು ಪಟ್ಟಿ. ಸಾಲದ್ದಕ್ಕೆ ಮುಂದಿನ ಗಾಜಿನೊಳಗೆ '47' ಎಂಬ ಫಲಕ. ಅದೂ ಸಾಲದ್ದಕ್ಕೆ ಇಡೀ ಪ್ರವಾಸಕ್ಕೆ ಒಂದು ಟೈಮ್ ಟೇಬಲ್, ನಾಲ್ಕು ಪುಟ, ಪ್ಲಾಸ್ಟಿಕ್ ಹೊದಿಕೆಯೊಳಗೆ.

ಹನ್ನೆರಡು ದಿನದಲ್ಲಿ ಒಂಬತ್ತು ಊರು ನೋಡಿದರು, ಅದನ್ನು ನೋಡಿದ್ದು ಎನ್ನುವುದಾದರೆ. ಒಂದು ಊರಲ್ಲಿ ಬಟ್ಟೆಯ ಗುಂಡಿಗಳದ್ದೇ ಒಂದು ಮ್ಯೂಸಿಯಂ ಇತ್ತು. ಕೊಂಬಿನ ಗುಂಡಿ, ಚಿಪ್ಪಿನ ಗುಂಡಿ, ಸೈನಿಕರ ಕೋಟಿನ ಹಿತ್ತಾಳೆ ಗುಂಡಿ. ಹೊಲಿಗೆಯವಳಿಗೆ ಅದಕ್ಕಿಂತ ಸ್ವರ್ಗ ಬೇಕೇ? ಟೈಮಪ್ಪನವರು ಏಳು ನಿಮಿಷ ಕೊಟ್ಟರು. ಇನ್ನೊಂದು ಊರಿನ ಗಡಿಯಾರ ಗೋಪುರ ನಾಲ್ಕೂ ಇಪ್ಪತ್ತಕ್ಕೆ ನಿಂತುಹೋಗಿತ್ತು. ಅಲ್ಲಿ ಮಾತ್ರ ಮುಕ್ಕಾಲು ಗಂಟೆ ನಿಂತರು, ಪಂಚಾಯಿತಿ ಗುಮಾಸ್ತನ ಜೊತೆ ಜಗಳಾಡಲು. ಹೆಂಡತಿ ಕೈ ತೋರಿಸಿದ ಕಡೆ ಒಂದು ಸಲವೂ ಗಾಡಿ ನಿಲ್ಲಲಿಲ್ಲ. ಬಸ್ ಸ್ಟಾಪು ಕಂಡ ಕಡೆ ತಪ್ಪದೆ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ, ಪಾಪ. ಕಂಬ ಕಂಡರೆ ಸಾಕು, ಅವರ ಕಾಲು ಅವರನ್ನು ಕೇಳದೆಯೇ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ ಕಾಡು. ಟೈಮ್ ಟೇಬಲ್ಲಿನಲ್ಲಿ ಇದ್ದದ್ದು ಹೀಗೆ: 'ಕಾಡು, ತಿಂಡಿ, 8.20ರಿಂದ 8.45.' ಅದೇ ಕೊನೆಯ ಕಾಡು. ಅದರಾಚೆ ಬರೀ ಊರು, ಆಮೇಲೆ ಹೆದ್ದಾರಿ, ಆಮೇಲೆ ಮನೆ.

ಯಾರೂ ನೆಟ್ಟು ಬೆಳೆಸಿದ ತೋಪಲ್ಲ ಅದು, ತಾನೇ ಹುಟ್ಟಿ ತನಗೆ ಬೇಕಾದ ಹಾಗೆ ಬೆಳೆದ ಕಾಡು. ಪೊದೆ ಪೊದೆಯಲ್ಲೂ ಏನೋ ಚಿಲಿಪಿಲಿ. ಹೆಂಡತಿ ಒಲೆಯ ಮೇಲೆ ಗಂಜಿ ಇಟ್ಟು ಕಿಟಕಿಯಿಂದ ಹೊರಗೆ ಕಣ್ಣು ನೆಟ್ಟವಳು ಹಾಗೇ ನಿಂತುಬಿಟ್ಟಳು.

"ರೀ, ಇವತ್ತು ಇಲ್ಲೇ ಇರೋಣ. ನನ್ನ ಮನಸ್ಸು ಹೇಳ್ತಿದೆ, ಆ ಹಕ್ಕಿ ಇಲ್ಲೇ ಎಲ್ಲೋ ಇದೆ."

"ಎಂಟೂ ನಲವತ್ತೈದಕ್ಕೆ ಹೊರಡ್ಬೇಕು ಕಣೇ. ಹತ್ತೂ ಇಪ್ಪತ್ತಕ್ಕೆ ಟೀ ಇದೆ."

"ಟೀ ಎಲ್ಲಿಗೂ ಓಡಿಹೋಗಲ್ಲ."

"ಹಕ್ಕೀನೂ ಎಲ್ಲಿಗೂ ಹೋಗಲ್ಲ, ಮುಂದಿನ ವರ್ಷ ನೋಡ್ಕೊಂಡ್ರಾಯ್ತು."

ಇದನ್ನು ಹೇಳಬಾರದಿತ್ತು. ಹೆಂಡತಿ ನಿಧಾನಕ್ಕೆ ತಿರುಗಿದಳು.

"ಸರಿ ಟೈಮಪ್ಪನೋರೆ. ಮುಂದಿನ ಊರಲ್ಲಿ ನಿಜವಾದ ಬಸ್ಸು ಸಿಗುತ್ತೆ. ನಾನು ಅದನ್ನ ಹತ್ತಿ ಮನೆಗೆ ಹೋಗ್ತೀನಿ. ನೀವು ನಿಮ್ಮ ನಲವತ್ತೇಳು ಓಡಿಸ್ಕೊಂಡು ಸುಖವಾಗಿರಿ." ಅಷ್ಟು ಹೇಳಿ ಪರದೆ ಎಳೆದಳು. ಬಾಯಿಗೆ ಬೀಗ ಬಿತ್ತು.

ಟೈಮಪ್ಪನವರಿಗೆ ಒಳಗೊಳಗೇ ದಿಗಿಲಾಯಿತು. ಆಕೆ ಸುಮ್ಮನೆ ಹೆದರಿಸುವವಳಲ್ಲ. ಬೈಯುವಾಗ ಪರವಾಗಿಲ್ಲ, ಮೆತ್ತಗೆ ಮಾತಾಡಿದರೆ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಆದರೂ ಗಡಿಯಾರ ಎಂಟೂ ನಲವತ್ತಮೂರು ತೋರಿಸುತ್ತಿತ್ತು. ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು.

ಅತ್ತ ಹಿಂದೆ ಗಂಜಿ ತಳ ಹತ್ತಿ ಕಮಟು ವಾಸನೆ. ಸಿಟ್ಟಿನಲ್ಲಿ ಪಾತ್ರೆ ಎತ್ತಿಕೊಂಡು ಹೆಂಡತಿ ಕೆಳಗಿಳಿದಳು. ಸೀದದ್ದು ಬಿದ್ದುಹೋಗಲೆಂದು ಪಾತ್ರೆಯನ್ನು ಬೋರಲು ಮಾಡಿ ವ್ಯಾನಿನ ತಗಡಿಗೆ ಬಡಿದಳು. ಎಷ್ಟು ಸಲ? ಎರಡು ಸಲ. ಟಣ್, ಟಣ್.

"ರೈಟ್!" ಎಂದರು ಟೈಮಪ್ಪನವರು, ಮೂವತ್ತಮೂರು ವರ್ಷದ ಅಭ್ಯಾಸದಂತೆ. ಸರಿಯಾಗಿ ಎಂಟೂ ನಲವತ್ತೈದಕ್ಕೆ ಗಾಡಿ ಹೊರಟಿತು.

ಹೆಂಡತಿ ಪಾತ್ರೆ ಬೀಸಿದಳು, ಕೂಗಿದಳು, ಹತ್ತು ಮಾರು ಓಡಿದಳು. ಹಿಂದೆ ನೋಡುವುದು ಡ್ರೈವರನ ಕೆಲಸವಲ್ಲವಲ್ಲ! ಫೋನು ವ್ಯಾನಿನೊಳಗೆ ಚಾರ್ಜಿಗೆ ಹಾಕಿತ್ತು. ಈ ಪ್ರಪಂಚದಲ್ಲಿ ಹೀಗೆ ಹೆಂಡತಿಯನ್ನು ಬಿಟ್ಟುಹೋಗುವ ಗಂಡ ಇರುವುದು ಒಬ್ಬನೇ, ಅವನೇ ಇವಳ ಪಾಲಿಗೆ ಬಂದಿದ್ದ.

ಐವತ್ತು ನಿಮಿಷ ಟೈಮಪ್ಪನವರು ತುಟಿ ಪಿಟಕ್ಕೆನ್ನದೆ ಗಾಡಿ ಓಡಿಸಿದರು. ಪರದೆಯ ಹಿಂದೆ ಸದ್ದಿಲ್ಲ. ಮುಖ ಊದಿಸಿಕೊಂಡು ಮಂಚದ ಮೇಲೆ ಕೂತಿದ್ದಾಳೆ, ಇರಲಿ, ಇಳಿಯುತ್ತದೆ ಎಂದುಕೊಂಡರು. ಒಂಬತ್ತೂ ಮೂವತ್ತೈದಕ್ಕೆ ಊರು ಬಂತು. ಒಂದು ಸಾಲು ಅಂಗಡಿ, ಒಂದು ನಲ್ಲಿ, ಒಂದು ಬಸ್ ಸ್ಟಾಪಿನ ಕಂಬ. ಕಂಬ ಕಂಡಿದ್ದೇ ಕಾಲು ಬ್ರೇಕಿಗೆ ಹೋಯಿತು.

ಗಾಡಿ ನಿಂತಿತು. ಹಿಂಬಾಗಿಲು ಕಿರ್ರೆಂದು ತೆರೆಯಿತು.

ಇಳಿಯುತ್ತಿದ್ದಾಳೆ. ಹೇಳಿದ ಮಾತಿನಂತೆ ಇಳಿದು ನಿಜವಾದ ಬಸ್ಸಿಗೆ ಹೋಗುತ್ತಿದ್ದಾಳೆ. ತಿರುಗಿ ನೋಡಲು ಧೈರ್ಯವಾಗದೆ ಟೈಮಪ್ಪನವರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಆಗ ವ್ಯಾನು ಒಂಚೂರು ಕುಗ್ಗಿ ಮೇಲೆದ್ದಿತು. ಬಾಗಿಲು ಮುಚ್ಚಿತು. ಆಮೇಲೆ ನೆಲದ ಮೇಲೆ ಟಕ್, ಟಕ್.

ಹೋಗಲಿಲ್ಲ! ಇಳಿದವಳು ಮನಸ್ಸು ಬದಲಾಯಿಸಿ ಮತ್ತೆ ಹತ್ತಿದಳು, ತಾನಾಗಿಯೇ ರೈಟ್ ಕೂಡ ಕೊಟ್ಟಳು! ಅವರು ಗಾಡಿ ಬಿಟ್ಟುಕೊಂಡು, ಪರದೆಯ ಕಡೆಗೆ ಒಂದಿಷ್ಟು ವಾಲಿ ಬಾಯಿ ಬಿಟ್ಟರು.

"ಲೇ, ನೀನು ಹೋಗೇಬಿಡ್ತೀಯ ಅಂತ ಜೀವ ಬಾಯಿಗೆ ಬಂದಿತ್ತು ಕಣೇ. ಗುಂಡಿ ಮ್ಯೂಸಿಯಂಗೆ ಏಳೇ ನಿಮಿಷ ಕೊಟ್ಟಿದ್ದು ನನ್ನ ತಪ್ಪು. ಹದಿನೈದು ಕೊಡ್ಬಹುದಿತ್ತು."

"ಕ್ವಾಕ್" ಎಂದಿತು ಪರದೆಯ ಹಿಂದಿನಿಂದ.

ಅಳುತ್ತಾ ಮೂಗು ಸೀಟಿದಳೆಂದುಕೊಂಡು ಅವರು ಇನ್ನೈದು ನಿಮಿಷ ಸೇರಿಸಿದರು. "ಆಯ್ತು, ಇಪ್ಪತ್ತು ನಿಮಿಷ."

"ಕ್ವಾಕ್, ಕ್ವಾಕ್."

"ಆಯ್ತಮ್ಮಾ ಆಯ್ತು, ಅರ್ಧ ದಿನ! ಅಳ್ಬೇಡ." ದಾರಿಯನ್ನೇ ನೋಡುತ್ತಾ ಮುಂದುವರಿಸಿದರು. "ನಿಜ ಹೇಳ್ಲಾ? ನನಗೆ ಹೆದರಿಕೆ ಕಣೇ. ಬೆಳಿಗ್ಗೆ ಎದ್ರೆ ಎಷ್ಟು ಗಂಟೆಗೆ ಎಲ್ಲಿರ್ಬೇಕು ಅನ್ನೋದು ಗೊತ್ತಿಲ್ದಿದ್ರೆ ನಾನು ಯಾರು ಅನ್ನೋದೇ ಗೊತ್ತಾಗಲ್ಲ. ಅದಕ್ಕೇ ಆ ಹಾಳು ಪಟ್ಟಿ ಬರೆದಿದ್ದು. ನೀನು ಹೋಗ್ಬಿಟ್ರೆ ಆ ಪಟ್ಟೀನ ಯಾರಿಗೆ ಓದಿ ಹೇಳ್ಲಿ? ನಿನ್ನ ಬಿಟ್ಟು ಒಂದು ಸ್ಟಾಪು ಕೂಡ ನನ್ನ ಕೈಲಿ ದಾಟೋಕಾಗಲ್ಲ."

ಈಗಾಗಲೇ ಒಂದು ಸ್ಟಾಪು ದಾಟಿ, ನಲವತ್ತು ಕಿಲೋಮೀಟರ್ ಮೇಲಾಗಿತ್ತು ಎಂಬುದು ಬೇರೆ ಮಾತು.

ಹತ್ತೂ ಇಪ್ಪತ್ತಕ್ಕೆ ಎರಡನೆಯ ಊರು. ಟೀ ಅಂಗಡಿಯ ಮುಂದೆ ನಿಲ್ಲಿಸಿ, ತಲೆಗೂದಲು ಸರಿಮಾಡಿಕೊಂಡು, ಮದುವೆ ಗಂಡಿನ ಹಾಗೆ ನಾಚುತ್ತಾ ಪರದೆ ಸರಿಸಿದರು. ಹೆಂಡತಿಯ ಮಂಚದ ಮೇಲೆ ಎಂಬತ್ತು ವರ್ಷದ ಅಜ್ಜಿಯೊಬ್ಬಳು ಊರುಗೋಲು ಹಿಡಿದು ಕೂತಿದ್ದಳು. ಅವಳ ತೊಡೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಬಾತುಕೋಳಿ.

"ಪೇಟೆ ಬೀದಿ ಬಂತೇನಪ್ಪಾ?" ಎಂದಳು ಅಜ್ಜಿ.

"ನೀವ್ಯಾರು? ನನ್ನ ಹೆಂಡ್ತಿ ಎಲ್ಲಿ?"

"ಚೆನ್ನಾಗಿದೆ! ನಿನ್ನ ಹೆಂಡ್ತಿ ನನ್ನನ್ನ ಕೇಳಿ ಹೋಗ್ತಾಳಾ? ನಾನು ಹತ್ತಿದಾಗ ಈ ಬಸ್ಸಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಹಾಸಿಗೆ ಬಸ್ಸು ಬಂದಿದೆ, ಕಾಲ ಎಷ್ಟು ಮುಂದುವರೀತು ಅಂದ್ಕೊಂಡೆ."

"ಇದು ಬಸ್ಸಲ್ಲ ಅಜ್ಜಿ!"

"ಮತ್ತೆ ಸ್ಟಾಪಲ್ಲಿ ಯಾಕೆ ನಿಲ್ಲಿಸ್ದೆ? ನಂಬರು ಯಾಕೆ ಹಾಕ್ಕೊಂಡಿದ್ದೀಯ? ನಾನು ಕೋಲಲ್ಲಿ ಕುಟ್ಟಿದ್ದೇ ಯಾಕೆ ಹೊರಟೆ?"

ಟೈಮಪ್ಪನವರು ಮುಂದಿನ ಗಾಜಿನ ಫಲಕವನ್ನೊಮ್ಮೆ ನೋಡಿದರು. ಕಣ್ಣು ಒಲೆಯ ಕಡೆ ಹೋಯಿತು. ಗಂಜಿ ಮೆತ್ತಿದ ಸೌಟು ಅಲ್ಲೇ ಇತ್ತು, ಪಾತ್ರೆ ಇರಲಿಲ್ಲ. ಫೋನು ಇತ್ತು, ಹೆಂಡತಿ ಇರಲಿಲ್ಲ. ಬೆಳಿಗ್ಗೆ ಕೇಳಿದ ಆ ಟಣ್ ಟಣ್ ನೆನಪಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅಯ್ಯೋ ಅಜ್ಜಿ, ಕಾಡಲ್ಲೇ ಬಿಟ್ಟು ಬಂದ್ಬಿಟ್ಟೆ! ಎರಡು ಸಲ ಬಡಿದ್ಲು, ಹೊರಟುಬಿಟ್ಟೆ."

"ಹತ್ತಿದ್ಲೋ ಇಲ್ವೋ ಅಂತ ತಿರುಗಿ ನೋಡೋದಲ್ವಾ?"

"ಅದು ಕಂಡಕ್ಟರ್ ಕೆಲಸ..."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ತಲೆಗಿಷ್ಟು! ಕೂತ್ಕೊಂಡು ಗೋಳಾಡ್ಬೇಡ, ತಿರುಗಿಸು ಗಾಡಿ."

"ನೀವು ಇಳ್ಕೊಳ್ಳಿ, ಪೇಟೆ ಬೀದಿ ಇಲ್ಲೇ ಮುಂದೆ."

"ಇಳಿಯೋದಾ? ಮುಕ್ಕಾಲು ಗಂಟೆ ನಿನ್ನ ಗೋಳು ಕೇಳಿದ್ದೀನಿ, ಕೊನೆ ನೋಡ್ದೆ ಹೋದ್ರೆ ರಾತ್ರಿ ನಿದ್ದೆ ಬರುತ್ತಾ ನನಗೆ? ನನ್ನ ತಂಗಿಗೆ ಬಾತುಕೋಳಿ ಇವತ್ತು ಸಿಕ್ಕಿದ್ರೂ ಒಂದೇ, ನಾಳೆ ಸಿಕ್ಕಿದ್ರೂ ಒಂದೇ. ನಡಿ."

ಟೀ ಕುಡಿಯದೆ ಗಾಡಿ ತಿರುಗಿತು. ದಾರಿಯುದ್ದಕ್ಕೂ ಟೈಮಪ್ಪನವರ ತಲೆಯಲ್ಲಿ ಬೇಡದ ಚಿತ್ರಗಳೇ. ಹೆಂಡತಿ ಹಾವು ತುಳಿದಂತೆ, ಹೆಂಡತಿ ದಾರಿ ತಪ್ಪಿದಂತೆ, ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿ ಯಾವುದೋ ಲಾರಿ ಹತ್ತಿ ಮನೆ ಸೇರಿ ಬಾಗಿಲು ಹಾಕಿಕೊಂಡಂತೆ. ಮತ್ತೆ ಆ ಮೊದಲ ಊರು ಬಂತು. ಕಂಬ ಬಂತು. ಕಂಬದ ಕೆಳಗೆ ತಗಡಿನ ಪೆಟ್ಟಿಗೆ ಹಿಡಿದ ಕ್ಷೌರಿಕನೊಬ್ಬ ನಿಂತು ಕೈ ಚಾಚಿದ. ಟೈಮಪ್ಪನವರ ಕಾಲು ತನ್ನಷ್ಟಕ್ಕೆ ಬ್ರೇಕಿನ ಕಡೆ ಹೊರಟಿತು. ಅವರು ಎಡಗೈಯಿಂದ ತಮ್ಮ ಮೊಣಕಾಲನ್ನೇ ಹಿಡಿದು ಈಚೆಗೆ ಎಳೆದರು. ಗಾಡಿ ಭರ್ರೆಂದು ಮುಂದೆ ಹೋಯಿತು.

"ಏಯ್! ಕಣ್ಣು ಕಾಣ್ಸಲ್ವೇನಯ್ಯಾ? ನಂಬರ್ ಬರ್ಕೊಂಡಿದ್ದೀನಿ, ನಲವತ್ತೇಳು!" ಎಂದು ಕ್ಷೌರಿಕ ಹಿಂದಿನಿಂದ ಕೂಗಿದ.

ಟೈಮಪ್ಪನವರ ಕಣ್ಣಲ್ಲಿ ನೀರು ತುಂಬಿತು. ಇಡೀ ಬಾಳಿನಲ್ಲಿ ನಿಲ್ಲಿಸದೆ ದಾಟಿದ ಮೊದಲ ಸ್ಟಾಪು ಅದು.

"ಅಳು, ಪರವಾಗಿಲ್ಲ" ಎಂದಳು ಅಜ್ಜಿ. "ಆದ್ರೆ ಅವಳ ಮುಂದೆ ನಿಂತಾಗ ಮ್ಯೂಸಿಯಂ ವಿಷ್ಯ ಮೊದಲು ಹೇಳು. ನೀನ್ಯಾರು ಅನ್ನೋದೇ ಗೊತ್ತಾಗಲ್ಲ ಅಂದ್ಯಲ್ಲ, ಅದನ್ನ ಆಮೇಲೆ ಹೇಳು. ಹೆಂಗಸರಿಗೆ ಮೊದಲು ಕೆಲಸದ ಮಾತು ಬೇಕು."

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಕಾಡು ಬಂತು. ಟೈಮಪ್ಪನವರು ಗಡಿಯಾರ ನೋಡಲಿಲ್ಲ, ಸಮಯ ಅಜ್ಜಿ ಹೇಳಿದ್ದು. ಬೆಳಿಗ್ಗೆ ನಿಂತ ಜಾಗದಿಂದ ಹತ್ತು ಹೆಜ್ಜೆ ಆಚೆ, ಬೋರಲು ಹಾಕಿದ ಗಂಜಿ ಪಾತ್ರೆಯ ಮೇಲೆ, ರಸ್ತೆಗೆ ಬೆನ್ನು ಮಾಡಿ ಹೆಂಡತಿ ಕೂತಿದ್ದಳು. ಗಾಡಿಯ ಸದ್ದು ಕೇಳಿದರೂ ತಿರುಗಲಿಲ್ಲ. ಮುಗಿಯಿತು ಕಥೆ ಎಂದುಕೊಂಡರು. ಇಳಿದು, ಒಂದೊಂದೇ ಹೆಜ್ಜೆ ಇಡುತ್ತಾ ಹತ್ತಿರ ಹೋಗಿ, ಅಜ್ಜಿ ಹೇಳಿಕೊಟ್ಟ ಹಾಗೆ ಶುರುಮಾಡಿದರು.

"ಗುಂಡಿ ಮ್ಯೂಸಿಯಂಗೆ..."

"ಶ್!" ಎಂದಳು ಹೆಂಡತಿ. ಅಂಗಿ ಹಿಡಿದು ಎಳೆದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಿಸಿದಳು. "ಅಲ್ನೋಡಿ."

ಪೊದೆಯೊಳಗೆ, ಮೊಣಕಾಲೆತ್ತರದಲ್ಲಿ, ಎರಡು ದೊಡ್ಡ ಎಲೆಗಳ ಅಂಚು ಒಂದಕ್ಕೊಂದು ಸೇರಿತ್ತು. ತುಕ್ಕು ಬಣ್ಣದ ನೆತ್ತಿಯ ಪುಟ್ಟ ಹಕ್ಕಿಯೊಂದು ಎಲೆಗೆ ಕೊಕ್ಕಿನಿಂದ ತೂತು ಹೊಡೆದು, ದಾರ ತೂರಿಸಿ, ಆಚೆಯಿಂದ ಎಳೆಯುತ್ತಿತ್ತು. ದಾರ ಕಿತ್ತಳೆ ಬಣ್ಣದ್ದು. ಟೈಮಪ್ಪನವರು ಹೆಂಡತಿಯ ಶಾಲು ನೋಡಿದರು. ಕಿತ್ತಳೆ ಬಣ್ಣದ ಅಂಚು ಅರ್ಧದವರೆಗೆ ಬಿಚ್ಚಿಹೋಗಿತ್ತು.

"ಕಿತ್ತು ಕೊಂಬೆ ಮೇಲಿಟ್ಟೆ. ಬಂದು ತಗೊಂಡು ಹೋಯ್ತು ಕಣ್ರೀ! ನನ್ನ ದಾರದಲ್ಲೇ ಹೊಲೀತಿದೆ." ಹೆಂಡತಿಯ ಮುಖ ಅರಳಿತ್ತು. "ಗಂಟು ಹಾಕಲ್ಲ. ದಾರದ ತುದಿ ಬಿಚ್ಚಿ ಉಬ್ಬಿಸಿ ಬಿಡುತ್ತೆ, ಅದು ತೂತಿಗೆ ಸಿಕ್ಕಿ ನಿಲ್ಲುತ್ತೆ. ಹದಿನೆಂಟು ವರ್ಷ! ಆ ಮೇಸ್ತ್ರಿಗೆ ಈಗಲೇ ಫೋನ್ ಮಾಡ್ಬೇಕು ಅಂದ್ರೆ ಫೋನು ನಿಮ್ಮ ಹತ್ರ!"

"ಕ್ವಾಕ್!" ಎಂದಿತು ಹಿಂದೆ ಬಂದು ನಿಂತ ಅಜ್ಜಿಯ ಬುಟ್ಟಿ.

ಹಕ್ಕಿ ಹಾರಿ ಮೇಲಿನ ಕೊಂಬೆಗೆ ಹೋಗಿ, ಬಾಲ ನಿಗುರಿಸಿ, ಅಷ್ಟಿಷ್ಟಲ್ಲದ ದನಿಯಲ್ಲಿ ಬಾತುಕೋಳಿಯನ್ನು ಬೈಯತೊಡಗಿತು. ಬಾತುಕೋಳಿ ಸುಮ್ಮನಾಯಿತು. ಹಕ್ಕಿ ಮತ್ತೆ ಕೆಳಗಿಳಿದು ಕೆಲಸಕ್ಕೆ ಕೂತಿತು.

"ಇವರ್ಯಾರು?" ಎಂದಳು ಹೆಂಡತಿ.

"ನಾನು ಪ್ಯಾಸೆಂಜರ್ ಕಣಮ್ಮಾ" ಎಂದು ಅಜ್ಜಿ ಊರುಗೋಲು ಊರಿ ನಿಂತಳು. "ನಿನ್ನ ಗಂಡ ನಿನಗೆ ಹೇಳ್ಬೇಕಾದ್ದನ್ನೆಲ್ಲ ನನಗೆ ಹೇಳಿದ. ಇವನ ಕೈಲಿ ಇನ್ನೊಂದು ಸಲ ಹೇಳೋಕಾಗಲ್ಲ, ನಾನೇ ಹೇಳ್ತೀನಿ ಕೇಳು. ಗುಂಡಿ ಮ್ಯೂಸಿಯಂಗೆ ಅರ್ಧ ದಿನವಂತೆ. ಮೊದಲು ಹದಿನೈದು ಅಂದ, ನಮ್ಮ ಬಾತುಕೋಳಿ ಜಗ್ಗಲಿಲ್ಲ. ಎಷ್ಟು ಗಂಟೆಗೆ ಎಲ್ಲಿರ್ಬೇಕು ಅಂತ ಗೊತ್ತಿಲ್ದಿದ್ರೆ ತಾನ್ಯಾರು ಅನ್ನೋದೇ ಗೊತ್ತಾಗಲ್ವಂತೆ, ಅದಕ್ಕೆ ಹೆದರಿಕೆಯಂತೆ. ನಿನ್ನ ಬಿಟ್ಟು ಒಂದು ಸ್ಟಾಪು ಕೂಡ ದಾಟೋಕಾಗಲ್ವಂತೆ. ದಾಟಿದ್ದ, ಆ ಮಾತು ಬಿಡು. ಬರ್ತಾ ಒಬ್ಬ ಕ್ಷೌರದವನನ್ನ ಸ್ಟಾಪಲ್ಲೇ ಬಿಟ್ಟು, ಅತ್ಕೊಂಡು ಬಂದ."

ಹೆಂಡತಿ ಗಂಡನ ಕಡೆ ತಿರುಗಿದಳು. "ಸ್ಟಾಪಲ್ಲಿ ನಿಲ್ಲಿಸ್ಲಿಲ್ವಾ? ನೀವಾ?"

ಟೈಮಪ್ಪನವರು ತಲೆ ತಗ್ಗಿಸಿ, ಇಲ್ಲ ಎಂದು ಆಡಿಸಿದರು. "ಬಸ್ಸು ಹತ್ತಿ ಮನೆಗೆ ಹೋಗ್ತೀಯಾ?" ಎಂದು ಮೆತ್ತಗೆ ಕೇಳಿದರು.

ಹೆಂಡತಿ ಹಕ್ಕಿಯ ಕಡೆ ಬೆರಳು ತೋರಿಸಿದಳು.

"ನೀವು ಹೊರಟಾಗ ಅರ್ಧ ಗಂಟೆ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು ಸುಸ್ತಾಗಿ ಇಲ್ಲಿ ಕೂತೆ. ಕೂತಿದ್ದೇ ಇದು ಕಾಣಿಸ್ತು. ಹದಿಮೂರು ದಿನದಲ್ಲಿ ನೀವು ನನ್ನನ್ನ ಸರಿಯಾದ ಸ್ಟಾಪಲ್ಲಿ ಇಳಿಸಿದ್ದು ಇವತ್ತೊಂದೇ ದಿನ ಕಣ್ರೀ." ಅಷ್ಟು ಹೇಳಿದವಳಿಗೆ ನಗು ಉಕ್ಕಿತು. ಹಕ್ಕಿ ಹೆದರೀತೆಂದು ಶಾಲನ್ನು ಬಾಯಿಗೆ ತುರುಕಿಕೊಂಡು, ಪಾತ್ರೆಯ ಮೇಲಿಂದ ಉರುಳಿಬೀಳುವ ತನಕ ನಕ್ಕಳು. "ಎಲ್ಲಿಗೂ ಹೋಗಲ್ಲ ನಾನು. ಗೂಡು ಮುಗಿಯೋವರೆಗೂ ಇಲ್ಲಿಂದ ಏಳೋದೂ ಇಲ್ಲ."

"ಎಷ್ಟು ದಿನ ಆಗುತ್ತೆ?" ಅಭ್ಯಾಸ ಬಲದಿಂದ ಕೇಳಿ, ಕೇಳಿದ ತಕ್ಷಣ ಟೈಮಪ್ಪನವರು ನಾಲಿಗೆ ಕಚ್ಚಿಕೊಂಡರು.

"ಹಕ್ಕೀನೇ ಕೇಳಿ. ಈಗ ಅಜ್ಜೀನ ಅವರ ತಂಗಿ ಮನೆಗೆ ಬಿಟ್ಟು ಬನ್ನಿ. ಪಾಪ, ಬಾತುಕೋಳಿಗೂ ಹಸಿವಾಗಿರುತ್ತೆ. ಬರ್ತಾ ಆ ಕ್ಷೌರದವರ ಹತ್ರ ಕ್ಷಮೆ ಕೇಳಿ."

ವ್ಯಾನಿನಿಂದ ನೀರು, ಬ್ರೆಡ್ಡು, ಕೊಡೆ, ಫೋನು ಎಲ್ಲ ತಂದು ಟೈಮಪ್ಪನವರು ಹೆಂಡತಿಯ ಸುತ್ತ ಅಂಗಡಿಯನ್ನೇ ಹೂಡಿದರು. ಈ ಸಲ ಅಜ್ಜಿ ಮುಂದಿನ ಸೀಟಿನಲ್ಲೇ ಕೂತಳು. ಇಂಜಿನ್ ಚಾಲೂ ಆಯಿತು. ಹೆಂಡತಿ ಗಂಜಿ ಪಾತ್ರೆ ಎತ್ತಿಕೊಂಡು ಬಂದು, ಬೇಕೆಂದೇ, ವ್ಯಾನಿನ ತಗಡಿಗೆ ಬಡಿದಳು. ಟಣ್, ಟಣ್.

ಗಾಡಿ ಕದಲಲಿಲ್ಲ.

ಇಂಜಿನ್ ಗುರುಗುಡುತ್ತಲೇ ಇತ್ತು. ಡ್ರೈವರನ ಬಾಗಿಲು ತೆರೆಯಿತು. ಟೈಮಪ್ಪನವರು ಇಳಿದು, ವ್ಯಾನಿನ ಉದ್ದಕ್ಕೂ ನಡೆದುಕೊಂಡು ಹಿಂದೆ ಬಂದು, ಪಾತ್ರೆ ಹಿಡಿದು ನಿಂತ ಹೆಂಡತಿಯ ಮುಂದೆ ನಿಂತರು.

"ಏನ್ರೀ? ಎರಡು ಸಲ ಬಡಿದೆ, ಕೇಳಿಸ್ಲಿಲ್ವಾ?"

"ಕೇಳಿಸ್ತು" ಎಂದರು ಟೈಮಪ್ಪನವರು. "ಒಂದು ಸಲ ತಿರುಗಿ ನೋಡಿ ಹೋಗೋಣ ಅಂತ ಬಂದೆ."